ಬಣ್ಣದ ಪೆನ್ಸಿಲ್ ಹಿಡಿಸಿದ ಲಿನ್ ಕಾನ್ವೇ

ಎಂಜಿನಿಯರಿಂಗ್ ಆರನೇ ಸೆಮಿಸ್ಟರ್. ಪರೀಕ್ಷೆಗೆ ಹೊರಟಾಗ ನನ್ನ ಪೌಚ್‌ನಲ್ಲಿ ಬಣ್ಣದ ಪೆನ್ಸಿಲ್‌ಗಳಿದ್ದವು. ಅಪ್ಪ ನೋಡಿ, "ಏನಮ್ಮಾ, ಇವತ್ತು ಡ್ರಾಯಿಂಗಾ?" ಅಂತ ಕೇಳಿದರು. "ಅಲ್ಲಪ್ಪಾ, ವಿಎಲ್‌ಎಸ್‌ಐ" ಅಂದೆ.

ವಿಎಲ್‌ಎಸ್‌ಐ ಅಂದರೆ ಒಂದೇ ಚಿಪ್‌ನಲ್ಲಿ ಸಾವಿರಾರು ಟ್ರಾನ್ಸಿಸ್ಟರ್ ಕೂರಿಸುವ ವಿದ್ಯೆ. ಆ ವಿಷಯದಲ್ಲಿ ಸ್ಟಿಕ್ ಡಯಾಗ್ರಾಮ್ ಅಂತ ಬರುತ್ತದೆ. ಚಿಪ್‌ನ ಒಳಗಿನ ಪದರಗಳನ್ನು ಬರೀ ಗೆರೆಗಳಲ್ಲಿ ಬರೆಯುವುದು. ಹಸಿರು ಗೆರೆ ಡಿಫ್ಯೂಷನ್. ಕೆಂಪು ಪಾಲಿಸಿಲಿಕಾನ್. ನೀಲಿ ಮೆಟಲ್. ಹಸಿರು ಗೆರೆಯನ್ನು ಕೆಂಪು ಗೆರೆ ದಾಟಿದ ಕಡೆ ಒಂದು ಟ್ರಾನ್ಸಿಸ್ಟರ್, ಅಂದರೆ ಒಂದು ಪುಟ್ಟ ಸ್ವಿಚ್, ಆಗುತ್ತದೆ. ಅಷ್ಟೇ. ಅಲ್ಲಿಯವರೆಗೆ ಸೂತ್ರಗಳನ್ನು ಉರು ಹೊಡೆಯುತ್ತಿದ್ದ ನನಗೆ, ಚಿಪ್ ಅನ್ನುವುದು ಕೈಯಲ್ಲಿ ಬರೆಯಬಹುದಾದ ವಸ್ತು ಅಂತ ಮೊದಲ ಸಲ ಅನ್ನಿಸಿದ್ದು ಆಗಲೇ. ಇವತ್ತು ಬೆಂಗಳೂರಿನಲ್ಲಿ ಚಿಪ್‌ನ ಲೇಔಟ್, ಅಂದರೆ ಅದರೊಳಗಿನ ಗೆರೆಗಳನ್ನು ಜೋಡಿಸುವ ಕೆಲಸ ಮಾಡಿ ಬದುಕುತ್ತಿದ್ದೇನೆ. ಅದಕ್ಕೆ ಆ ಪೆನ್ಸಿಲ್‌ಗಳೇ ಕಾರಣ ಅಂದರೆ ತಪ್ಪಾಗಲಿಕ್ಕಿಲ್ಲ.

ಆ ಬಣ್ಣದ ಗೆರೆಗಳನ್ನು ಪಾಠದ ಪುಸ್ತಕಕ್ಕೆ ತಂದು ಪ್ರಪಂಚಕ್ಕೆಲ್ಲ ಹಂಚಿದವರು ಇಬ್ಬರು. ಕಾರ್ವರ್ ಮೀಡ್ ಮತ್ತು ಲಿನ್ ಕಾನ್ವೇ. ನಮ್ಮ ಲೆಕ್ಚರರ್ ಇಬ್ಬರ ಹೆಸರನ್ನೂ ಸೇರಿಸಿ "ಮೀಡ್-ಕಾನ್ವೇ" ಅಂತ ಒಂದೇ ಉಸಿರಿಗೆ ಹೇಳುತ್ತಿದ್ದರು. ಆ ಕಾನ್ವೇ ಒಬ್ಬ ಹೆಂಗಸು ಅಂತ ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ. ಅವರ ಬದುಕಿನ ಪೂರ್ತಿ ಕಥೆ ಗೊತ್ತಾಗಿದ್ದು 2024ರ ಜೂನ್‌ನಲ್ಲಿ, 86ನೇ ವಯಸ್ಸಿನಲ್ಲಿ ಅವರು ತೀರಿಕೊಂಡ ಸುದ್ದಿ ಓದಿದಾಗ. ಆ ರಾತ್ರಿ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಕೂತೆ. ಅವರೇ ಬರೆದ ನೆನಪುಗಳನ್ನೂ ಓದಿದೆ. ಆಮೇಲೆ ತುಂಬಾ ದಿನ ಅದೇ ತಲೆಯಲ್ಲಿತ್ತು.

ಲಿನ್ ಕಾನ್ವೇ ಹುಟ್ಟಿದ್ದು 1938ರ ಜನವರಿ 2ರಂದು, ನ್ಯೂಯಾರ್ಕ್ ರಾಜ್ಯದ ಮೌಂಟ್ ವೆರ್ನಾನ್‌ನಲ್ಲಿ. ಹುಟ್ಟಿದಾಗ ಗಂಡು ಮಗು ಅಂತ ಬರೆಸಿದರು. ಹುಡುಗನಾಗಿಯೇ ಬೆಳೆಸಿದರು. ಆದರೆ ತಾನು ಹೆಣ್ಣು ಅನ್ನುವುದು ಆ ಮಗುವಿಗೆ ಚಿಕ್ಕಂದಿನಿಂದಲೂ ಗೊತ್ತಿತ್ತು. ಆ ಕಾಲದ ಅಮೆರಿಕದಲ್ಲಿ ಅದನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ.

ಈ ಬರಹದ ಉದ್ದಕ್ಕೂ ನಾನು "ಅವರು" ಅಂತಲೇ ಬರೆಯುತ್ತಿದ್ದೇನೆ. ಕನ್ನಡದ ಈ ಒಂದು ಮಾತು ಗಂಡೋ ಹೆಣ್ಣೋ ಅಂತ ಕೇಳುವುದಿಲ್ಲ. ಮರ್ಯಾದೆ ಮಾತ್ರ ಕೊಡುತ್ತದೆ. ಇಂಥ ಬದುಕಿನ ಬಗ್ಗೆ ಬರೆಯಲು ಕೂತಾಗ ಅದು ಎಷ್ಟು ದೊಡ್ಡ ಅನುಕೂಲ ಅಂತ ಗೊತ್ತಾಯಿತು.

ಓದಿನಲ್ಲಿ ಬಹಳ ಚುರುಕು. 1955ರಲ್ಲಿ ಎಂಐಟಿಗೆ ಸೇರಿದರು. ಅಲ್ಲಿರುವಾಗಲೇ ಹೆಣ್ಣಾಗಿ ಬದುಕುವ ದಾರಿ ಹುಡುಕಿದರು. ಡಾಕ್ಟರುಗಳಿಂದ ಸಹಾಯ ಸಿಗಲಿಲ್ಲ. ಮನಸ್ಸು ಕುಸಿಯಿತು. ಡಿಗ್ರಿ ಮುಗಿಸದೆ ಎಂಐಟಿ ಬಿಟ್ಟರು. ಕೆಲವು ವರ್ಷ ಎಲೆಕ್ಟ್ರಾನಿಕ್ಸ್ ಟೆಕ್ನಿಷಿಯನ್ ಆಗಿ ದುಡಿದರು. ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿ 1962ರಲ್ಲಿ ಡಿಗ್ರಿ, 1963ರಲ್ಲಿ ಮಾಸ್ಟರ್ಸ್ ಮುಗಿಸಿದರು. 1964ರಲ್ಲಿ ಐಬಿಎಂ ಕರೆದು ಕೆಲಸ ಕೊಟ್ಟಿತು.

ಅಲ್ಲಿ ಅವರು ಸೇರಿದ್ದು ಎಸಿಎಸ್ ಅನ್ನುವ ಯೋಜನೆಗೆ. ಪ್ರಪಂಚದಲ್ಲೇ ಅತಿ ವೇಗದ ಕಂಪ್ಯೂಟರ್ ಕಟ್ಟಬೇಕು ಅನ್ನುವುದು ಗುರಿ. ಜಾನ್ ಕಾಕ್, ಫ್ರಾನ್ ಅಲೆನ್ ತರಹದ ದೊಡ್ಡ ತಲೆಗಳು ಆ ತಂಡದಲ್ಲಿದ್ದವು. ಅವರ ನಡುವೆ, ಇಪ್ಪತ್ತೆಂಟು ವರ್ಷದ ಕಾನ್ವೇ 1966ರಲ್ಲಿ ಒಂದು ತೊಡಕನ್ನು ಬಿಡಿಸಿದರು.

ತೊಡಕು ಏನು ಅಂತ ನಮ್ಮ ದರ್ಶಿನಿಯ ಉದಾಹರಣೆಯಲ್ಲೇ ಹೇಳುತ್ತೇನೆ. ಕೌಂಟರ್ ಮುಂದೆ ಕ್ಯೂ ಇದೆ. ಮೊದಲನೆಯವರದ್ದು ಮಸಾಲೆ ದೋಸೆ, ಕಾವಲಿ ಮೇಲೆ ಇನ್ನೂ ಬೇಯುತ್ತಿದೆ. ಹಿಂದಿನ ನಾಲ್ಕು ಜನರದ್ದು ಇಡ್ಲಿ, ವಡೆ, ಕಾಫಿ, ಎಲ್ಲ ಸಿದ್ಧವಾಗಿದೆ. ದೋಸೆ ಬರುವವರೆಗೆ ಎಲ್ಲರೂ ಕಾಯಬೇಕಾ? ಆಗಿನ ಕಂಪ್ಯೂಟರ್‌ಗಳು ಹೆಚ್ಚಾಗಿ ಹಾಗೇ ಕಾಯುತ್ತಿದ್ದವು. ಒಂದು ಆದೇಶಕ್ಕೆ ಬೇಕಾದ ಅಂಕಿ ಇನ್ನೂ ಬಂದಿಲ್ಲ ಅಂದರೆ ಹಿಂದಿನವೂ ನಿಲ್ಲುತ್ತಿದ್ದವು. ಸಾಲಿನಲ್ಲಿ ಯಾವುದಕ್ಕೆ ಬೇಕಾದ್ದೆಲ್ಲ ಸಿದ್ಧವಿದೆಯೋ ಅದನ್ನು ಮೊದಲು ಬಿಡು, ಒಂದೇ ಹೊತ್ತಿಗೆ ಒಂದಕ್ಕಿಂತ ಜಾಸ್ತಿ ಬಿಡು, ಯಾರ ತಟ್ಟೆಗೆ ಯಾರದ್ದೂ ಹೋಗದ ಹಾಗೆ ಲೆಕ್ಕ ಇಟ್ಟುಕೋ. ಇದನ್ನು ಯಂತ್ರವೇ ಓಡುತ್ತಾ ಓಡುತ್ತಾ ಹೇಗೆ ಮಾಡಬೇಕು ಅಂತ ಕಾನ್ವೇ ತೋರಿಸಿದರು. ಡೈನಾಮಿಕ್ ಇನ್‌ಸ್ಟ್ರಕ್ಷನ್ ಷೆಡ್ಯೂಲಿಂಗ್ ಅಂತ ಹೆಸರಿಟ್ಟರು. ಇವತ್ತು ಲ್ಯಾಪ್‌ಟಾಪ್‌ನಲ್ಲಿ, ಒಳ್ಳೆಯ ಫೋನ್‌ನಲ್ಲಿ ಇರುವ ಪ್ರೊಸೆಸರ್‌ಗಳು ಈ ಬಗೆಯಲ್ಲೇ ಕೆಲಸ ಮಾಡುತ್ತವೆ.

ಹೊರಗಿನ ಬದುಕು ನೆಟ್ಟಗಿತ್ತು. ಮದುವೆ ಆಗಿತ್ತು, ಇಬ್ಬರು ಮಕ್ಕಳಿದ್ದರು. ಒಳಗಿನದು ನೆಟ್ಟಗಿರಲಿಲ್ಲ. ಅಷ್ಟರಲ್ಲಿ ನ್ಯೂಯಾರ್ಕ್‌ನ ಹ್ಯಾರಿ ಬೆಂಜಮಿನ್ ಅನ್ನುವ ವೈದ್ಯರು ಇಂಥವರಿಗೆ ಚಿಕಿತ್ಸೆ ಕೊಡುತ್ತಿದ್ದಾರೆ ಅಂತ ತಿಳಿಯಿತು. ಕಾನ್ವೇ ಆ ವೈದ್ಯರ ಬಳಿ ಹೋದರು. ಹೆಣ್ಣಾಗಿ ಬದುಕುವ ತೀರ್ಮಾನ ಮಾಡಿ, ಅದನ್ನು ಕೆಲಸದ ಕಡೆಯೂ ಹೇಳಿದರು. 1968ರಲ್ಲಿ ಐಬಿಎಂ ಅವರನ್ನು ಕೆಲಸದಿಂದ ತೆಗೆಯಿತು.

ಕೆಲಸದಲ್ಲಿ ತಪ್ಪು ಮಾಡಿ ಅಲ್ಲ. ಕೆಲಸ ಬರದೆ ಅಲ್ಲ. ಸಂಸಾರ ಮುರಿಯಿತು. ಮಕ್ಕಳನ್ನು ನೋಡಲೂ ಬಿಡಲಿಲ್ಲ. ನನಗೂ ಇಬ್ಬರು ಮಕ್ಕಳಿದ್ದಾರೆ. ಇದನ್ನು ಓದಿದ ರಾತ್ರಿ ಎದ್ದು ಹೋಗಿ ಅವರು ಮಲಗಿದ್ದನ್ನು ಸುಮ್ನೆ ನೋಡಿ ಬಂದೆ.

ಎಸಿಎಸ್ ಯೋಜನೆಯನ್ನೇ ಐಬಿಎಂ 1969ರಲ್ಲಿ ನಿಲ್ಲಿಸಿತು. ಆ ಯಂತ್ರ ಕಟ್ಟಲೇ ಇಲ್ಲ. ಆಪರೇಷನ್ ಆದ ಮೇಲೆ ಕಾನ್ವೇ ಹೊಸ ಹೆಸರಿನಲ್ಲಿ ಕೆಲಸ ಹುಡುಕಲು ಹೊರಟರು. ಹೊಸ ಹೆಸರಿಗೆ ಹಳೆಯ ಅನುಭವ ಇರಲಿಲ್ಲ. "ನಾನು ಐಬಿಎಂನಲ್ಲಿ ಇಂಥದ್ದು ಮಾಡಿದೆ" ಅಂತ ಒಂದು ಸಾಲು ಬರೆದರೂ ಹಳೆಯ ಗುರುತು ಹೊರಗೆ ಬರುತ್ತಿತ್ತು. ಅಷ್ಟು ದೊಡ್ಡ ಕೆಲಸ ಮಾಡಿದ ಎಂಜಿನಿಯರ್, ಕಾಂಟ್ರಾಕ್ಟ್ ಪ್ರೋಗ್ರಾಮರ್ ಆಗಿ ಮತ್ತೆ ಕೆಳಗಿನ ಮೆಟ್ಟಿಲಿನಿಂದ ಹತ್ತಿದರು. ಆಮೇಲೆ ಮೆಮೊರೆಕ್ಸ್ ಕಂಪನಿ. 1973ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ, ಪಾರ್ಕ್. ಐದು ವರ್ಷದಲ್ಲಿ ಸೊನ್ನೆಯಿಂದ ಅಲ್ಲಿಗೆ ಬಂದು ನಿಂತಿದ್ದರು. ಹಿಂದಿನ ಬದುಕು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಮತ್ತೆ ಎಲ್ಲ ಹೋಗುತ್ತದೆ ಅನ್ನುವ ಭಯ ಮಾತ್ರ ದಿನವೂ ಜೊತೆಗಿತ್ತು.

ಆಗ ಚಿಪ್ ವಿನ್ಯಾಸ ಅನ್ನುವುದು ಕೆಲವೇ ಕಂಪನಿಗಳ ಒಳಗಿನ ಗುಟ್ಟಿನ ವಿದ್ಯೆ. 1971ರಲ್ಲಿ ಇಂಟೆಲ್ ತಂದ 4004 ಚಿಪ್‌ನಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರ್. 1978ರ 8086ರಲ್ಲಿ ಸುಮಾರು 29,000. ಸಂಖ್ಯೆ ಏರುತ್ತಲೇ ಇತ್ತು, ಅದನ್ನು ಮಾಡಬಲ್ಲ ಕೈಗಳು ಮಾತ್ರ ಅಷ್ಟು ಬೇಗ ಹೆಚ್ಚುತ್ತಿರಲಿಲ್ಲ. ಒಂದೊಂದು ಫ್ಯಾಕ್ಟರಿಗೂ ಅದರದ್ದೇ ನಿಯಮ, ಪುಟಗಟ್ಟಲೆ. ಈ ಗೆರೆಯಿಂದ ಆ ಗೆರೆಗೆ ಇಷ್ಟು ಅಂತರ, ಇದರ ಅಗಲ ಇಷ್ಟು ಮೈಕ್ರಾನ್. ಫ್ಯಾಕ್ಟರಿ ಬದಲಾದರೆ, ಹೊಸ ತಂತ್ರ ಬಂದರೆ, ಎಲ್ಲ ಮತ್ತೆ ಮೊದಲಿನಿಂದ.

ಕಾರ್ವರ್ ಮೀಡ್ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಟ್ರಾನ್ಸಿಸ್ಟರ್ ಎಷ್ಟು ಚಿಕ್ಕದಾಗಬಹುದು ಅಂತ ಆಗಲೇ ಲೆಕ್ಕ ಹಾಕಿದ್ದವರು. ಪಾರ್ಕ್ ಮತ್ತು ಕ್ಯಾಲ್‌ಟೆಕ್ ಸೇರಿ ಕೆಲಸ ಮಾಡುವಾಗ ಇಬ್ಬರೂ ಜೊತೆಯಾದರು. ಮೀಡ್ ಅವರಿಗೆ ಸಿಲಿಕಾನ್ ಚೆನ್ನಾಗಿ ಗೊತ್ತು. ಕಾನ್ವೇ ಅವರಿಗೆ ಕಂಪ್ಯೂಟರ್ ಅನ್ನುವ ದೊಡ್ಡ ಕಟ್ಟಡ ಗೊತ್ತು. ಇವೆರಡರ ನಡುವಿನ ನೂರೆಂಟು ಹಂತಗಳಲ್ಲಿ ಕಲಿಯುವವರಿಗೆ ಬೇಕಾದ್ದು ಎಷ್ಟು, ಬಿಟ್ಟರೆ ನಡೆಯುವುದು ಎಷ್ಟು ಅಂತ ಕಾನ್ವೇ ಸೋಸುತ್ತಾ ಹೋದರು. ಹಾಗೆ ಸೋಸುವಾಗ ಸಿಕ್ಕಿದ್ದೇ ಲ್ಯಾಮ್ಡಾ.

ಚುಕ್ಕಿ ರಂಗೋಲಿ ಹಾಕಿದವರಿಗೆ ಲ್ಯಾಮ್ಡಾ ತಕ್ಷಣ ಅರ್ಥವಾಗುತ್ತದೆ. ಹದಿನೈದು ಚುಕ್ಕಿಯ ರಂಗೋಲಿಯನ್ನು ಪುಸ್ತಕದಲ್ಲಿ ಅಂಗೈ ಅಗಲಕ್ಕೆ ಬರೆದಿರುತ್ತಾರೆ. ಅದನ್ನೇ ನಾವು ಅಂಗಳದ ತುಂಬ ಹಾಕುತ್ತೇವೆ. ಯಾರೂ ಇಂಚು ಅಳೆಯುವುದಿಲ್ಲ. ಚುಕ್ಕಿಯಿಂದ ಚುಕ್ಕಿಗೆ ಇರುವ ದೂರವೇ ಅಳತೆ. ಅಂಗಳ ದೊಡ್ಡದಾದರೆ ಚುಕ್ಕಿ ದೂರ ಇಡುತ್ತೇವೆ, ರಂಗೋಲಿ ಅದೇ. ಲ್ಯಾಮ್ಡಾ ಅಂಥ ಒಂದು ಚುಕ್ಕಿ ದೂರ. ಪಾಲಿಸಿಲಿಕಾನ್ ಗೆರೆಯ ಅಗಲ ಕಡಿಮೆ ಅಂದರೂ 2 ಲ್ಯಾಮ್ಡಾ. ಮೆಟಲ್ ಗೆರೆ 3 ಲ್ಯಾಮ್ಡಾ. ಎರಡು ಮೆಟಲ್ ಗೆರೆಗಳ ನಡುವೆ 3 ಲ್ಯಾಮ್ಡಾ. ಪುಟಗಟ್ಟಲೆ ನಿಯಮಗಳು ಒಂದೆರಡು ಪುಟಕ್ಕೆ ಇಳಿದವು. ನಾಳೆ ಫ್ಯಾಕ್ಟರಿ ಇನ್ನೂ ಸಣ್ಣ ಗೆರೆ ಎಳೆಯಲು ಕಲಿತರೆ ಲ್ಯಾಮ್ಡಾದ ಬೆಲೆ ಇಳಿಸಿದರಾಯಿತು, ಚಿತ್ರ ಬದಲಾಯಿಸಬೇಕಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಇವತ್ತು ಕೆಲವೇ ನ್ಯಾನೋಮೀಟರ್ ಲೆಕ್ಕದ ಚಿಪ್‌ಗಳಲ್ಲಿ ನಾವು ಲ್ಯಾಮ್ಡಾ ನಿಯಮ ಬಳಸುವುದಿಲ್ಲ. ಫ್ಯಾಬ್, ಅಂದರೆ ಚಿಪ್ ತಯಾರಿಸುವ ಫ್ಯಾಕ್ಟರಿ, ಕೊಡುವ ನಿಯಮಗಳು ಮತ್ತೆ ದಪ್ಪ ಪುಸ್ತಕಗಳೇ ಆಗಿವೆ. ನಿಯಮ ತಪ್ಪಿದ ಕಡೆ ಹುಡುಕುವ ಡಿಆರ್‌ಸಿ ರನ್ ಮಾಡಿದರೆ ಸಾವಿರಗಟ್ಟಲೆ ಎರರ್ ಬಂದು ನಿಲ್ಲುತ್ತವೆ, ಒಂದೊಂದನ್ನೇ ಬಿಡಿಸಬೇಕು. ಆದರೂ ಕಲಿಯುವ ಮೊದಲ ದಿನ ಆ ದಪ್ಪ ಪುಸ್ತಕ ಕೈಗೆ ಕೊಟ್ಟಿದ್ದರೆ ನಾನಂತೂ ಈ ಕಡೆ ತಲೆ ಹಾಕುತ್ತಿರಲಿಲ್ಲ.

ಇದನ್ನೆಲ್ಲ ಹಾಕಿ ಇಬ್ಬರೂ ಸೇರಿ ಬರೆದ ಪಾಠದ ಪುಸ್ತಕ ಅಚ್ಚಾಗುವ ಮುಂಚೆಯೇ ಅದರ ಕರಡು ಪ್ರತಿಗಳು ಓಡಾಡಲು ಶುರುವಾಗಿದ್ದವು. ಪಾರ್ಕ್‌ನಲ್ಲೇ ಕಂಪ್ಯೂಟರ್‌ನಲ್ಲಿ ಬರೆದು, ಅಲ್ಲಿನ ಲೇಸರ್ ಪ್ರಿಂಟರ್‌ನಲ್ಲೇ ತೆಗೆದ ಹಾಳೆಗಳು. ವಿಶ್ವವಿದ್ಯಾಲಯಗಳಲ್ಲಿ ಅವುಗಳಿಂದಲೇ ಪಾಠ ಮಾಡಿ, ತಪ್ಪು ಕಂಡರೆ ತಿದ್ದಿ, ಮತ್ತೆ ಪ್ರಿಂಟ್ ತೆಗೆಯುತ್ತಿದ್ದರು. ಇದನ್ನೆಲ್ಲ ನೋಡಿ ಒಂದು ಕಡೆಯಿಂದ ಕರೆ ಬಂತು. ಬಂದು ಒಂದು ಸೆಮಿಸ್ಟರ್ ಪಾಠ ಮಾಡಿ ಅಂತ.

ಕರೆದದ್ದು ಎಂಐಟಿ. ಇಪ್ಪತ್ತು ವರ್ಷದ ಹಿಂದೆ ಮನಸ್ಸು ಮುರಿದು, ಡಿಗ್ರಿ ಇಲ್ಲದೆ ಹೊರಗೆ ನಡೆದಿದ್ದ ಅದೇ ಎಂಐಟಿ. ಹೋಗುವಾಗ ಬೇರೆ ಹೆಸರು, ಬೇರೆ ರೂಪ. ಈಗ ವಿಸಿಟಿಂಗ್ ಪ್ರಾಧ್ಯಾಪಕಿ. ಅಲ್ಲಿ ಯಾರ ಹತ್ತಿರವೂ "ನಾನು ಇಲ್ಲೇ ಓದಿದವಳು" ಅಂತ ಹೇಳುವಂತಿಲ್ಲ.

1978ರ ಆ ಕ್ಲಾಸಿನ ಬಗ್ಗೆ ಓದಿದಷ್ಟೂ ನನಗೆ ಸಾಲದು. ಕಾನ್ವೇ ಅವರಿಗೆ ನಾಲ್ಕು ಜನರ ಮುಂದೆ ನಿಂತು ಮಾತಾಡುವುದೆಂದರೆ ಭಯ. ಹಾಗಾಗಿ ಪ್ರತಿ ಪಾಠವನ್ನೂ ಮೊದಲೇ ಪೂರ್ತಿ ಬರೆದುಕೊಂಡರು. ಬೋರ್ಡ್ ಮೇಲೆ ಬರೆಯುವ ಚಿತ್ರವನ್ನೂ ಬಿಡದೆ. ಆಮೇಲೆ ಬೇರೆ ವಿಶ್ವವಿದ್ಯಾಲಯದ ಮೇಷ್ಟ್ರುಗಳು ಆ ನೋಟ್ಸ್ ಹಿಡಿದುಕೊಂಡೇ ಪಾಠ ಶುರು ಮಾಡಿದರು. ಭಯಕ್ಕೆ ಬರೆದುಕೊಂಡ ಹಾಳೆ ಎಷ್ಟು ಜನಕ್ಕೆ ಧೈರ್ಯ ಕೊಟ್ಟಿತು ನೋಡಿ.

ಸೆಮಿಸ್ಟರ್‌ನ ಮೊದಲ ಅರ್ಧ ಪಾಠ. ಉಳಿದರ್ಧದಲ್ಲಿ ಪ್ರತಿಯೊಬ್ಬರೂ ತಮ್ಮದೇ ಚಿಪ್ ವಿನ್ಯಾಸ ಮಾಡಬೇಕು. ಕಾಗದದ ಮೇಲಿನ ಅಸೈನ್‌ಮೆಂಟ್ ಅಲ್ಲ. ನಿಜವಾಗಿ ತಯಾರಾಗಿ ಕೈಗೆ ಬರುವ ಚಿಪ್. ಒಂದು ಚಿಪ್‌ಗೆ ಮಾಸ್ಕ್ ಅನ್ನುವ ಅಚ್ಚು ಮಾಡಿಸಿ ಸಿಲಿಕಾನ್‌ಗೆ ಇಳಿಸುವ ಖರ್ಚು ವಿದ್ಯಾರ್ಥಿಗಳಿಗೆ ಎಟುಕುವಂಥದ್ದಲ್ಲ. ಅದಕ್ಕೆ ಎಲ್ಲರ ಚಿಪ್‌ಗಳನ್ನೂ ಒಂದೇ ವೇಫರ್‌ನಲ್ಲಿ, ಅಂದರೆ ಸಿಲಿಕಾನ್ ಬಿಲ್ಲೆಯಲ್ಲಿ, ಕೂರಿಸಿದರು. ಒಂದೇ ದೊಡ್ಡ ಹಾಳೆಯಲ್ಲಿ ಹತ್ತು ಮನೆಯ ಲಗ್ನಪತ್ರಿಕೆ ಅಚ್ಚು ಹಾಕಿಸಿ, ಆಮೇಲೆ ಕತ್ತರಿಸಿ ಹಂಚಿದ ಹಾಗೆ. ವಿನ್ಯಾಸದ ಫೈಲ್‌ಗಳು ಇಂಟರ್‌ನೆಟ್‌ನ ಹಿರಿಯಕ್ಕನಂತಿದ್ದ ಆರ್ಪಾನೆಟ್ ಮೂಲಕ ಅಮೆರಿಕದ ಪೂರ್ವದಲ್ಲಿ ಎಂಐಟಿ ಇರುವ ಕೇಂಬ್ರಿಡ್ಜ್‌ನಿಂದ ಪಶ್ಚಿಮದ ಕ್ಯಾಲಿಫೋರ್ನಿಯಾಗೆ ಹೋದವು. ಎಚ್‌ಪಿ ಕಂಪನಿಯ ಲ್ಯಾಬ್‌ನಲ್ಲಿ ಪ್ಯಾಟ್ ಕ್ಯಾಸ್ಟ್ರೋ ಅವರ ತಂಡ ವೇಫರ್ ತಯಾರಿಸಿತು. ಒಟ್ಟು 19 ಪ್ರಾಜೆಕ್ಟ್. ಗೈ ಸ್ಟೀಲ್ ಅನ್ನುವ ವಿದ್ಯಾರ್ಥಿ ಲಿಸ್ಪ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗೆ ಅಂತಲೇ ಒಂದು ಮೈಕ್ರೋಪ್ರೊಸೆಸರ್ ಬರೆದಿದ್ದರು. ಒಂದು ಸೆಮಿಸ್ಟರ್‌ನಲ್ಲಿ!

ಚಿಪ್‌ಗಳು ಪ್ಯಾಕ್ ಆಗಿ ವಿದ್ಯಾರ್ಥಿಗಳ ಕೈಗೆ ಬಂದವು. ನಾನು ವಿನ್ಯಾಸ ಮುಗಿಸಿ ಫ್ಯಾಬ್‌ಗೆ ಕಳಿಸಿದ ಮೊದಲ ಚಿಪ್ ಲ್ಯಾಬ್‌ಗೆ ಬಂದಾಗ, ಮೈಕ್ರೋಸ್ಕೋಪ್‌ನಲ್ಲಿ ನಾನು ಎಳೆದ ಗೆರೆ ಹುಡುಕಿ ಹುಡುಕಿ ನೋಡಿದ್ದೆ. ಅಮ್ಮನಿಗೆ ಫೋನ್ ಮಾಡಿ "ಅಮ್ಮಾ, ನಾನು ಮಾಡಿದ್ದು ಬಂತು" ಅಂದಿದ್ದೆ. ಅವರಿಗೆ ಏನು ಅರ್ಥವಾಯಿತೋ, "ಒಳ್ಳೇದಾಯ್ತು ಪುಟ್ಟಿ" ಅಂದಿದ್ದರು. ಆ ಮಾತು, "ನಾನು ಮಾಡಿದ್ದು" ಅನ್ನುವ ಮಾತು, ಎಷ್ಟು ಚಿಕ್ಕದು ಅಲ್ವಾ. ಆ ಚಳಿಗಾಲದಲ್ಲಿ ಎಂಐಟಿಯ ಆ ಹುಡುಗರೆಲ್ಲ ಅದನ್ನು ಹೇಳಿರುತ್ತಾರೆ. ಹೇಳುವ ಹಾಗೆ ಮಾಡಿದವರಿಗೆ ಮಾತ್ರ, 1966ರ ತಮ್ಮ ಕೆಲಸದ ಬಗ್ಗೆ ಆ ಮಾತು ಹೇಳುವ ಹಕ್ಕು ಇನ್ನೂ ಇರಲಿಲ್ಲ.

ಮರುವರ್ಷ ಇದನ್ನೇ ದೊಡ್ಡದಾಗಿ ಮಾಡಿದರು. 1979ರ ಕೊನೆಯಲ್ಲಿ 12 ವಿಶ್ವವಿದ್ಯಾಲಯಗಳ ನೂರಕ್ಕೂ ಹೆಚ್ಚು ಜನ ಬರೆದ 82 ಪ್ರಾಜೆಕ್ಟ್‌ಗಳು ಆರ್ಪಾನೆಟ್‌ನಲ್ಲಿ ಪಾರ್ಕ್‌ಗೆ ಬಂದವು. ಕೊನೆಯ ದಿನಾಂಕ ಮುಗಿದ 29 ದಿನಕ್ಕೆ ಚಿಪ್‌ಗಳು ತಯಾರಾಗಿ ವಾಪಸ್ ಹೊರಟವು. ಈಗಿನ ಲೆಕ್ಕದಲ್ಲೂ ಅದು ಬೆರಗಿನ ವೇಗ. ಸ್ಟ್ಯಾನ್‌ಫರ್ಡ್‌ನ ಜಿಮ್ ಕ್ಲಾರ್ಕ್ ಅವರ ಜಾಮೆಟ್ರಿ ಎಂಜಿನ್ ಅನ್ನುವ ಗ್ರಾಫಿಕ್ಸ್ ಚಿಪ್ ಆ ಗುಂಪಿನಲ್ಲೇ ಇತ್ತು. ಮುಂದೆ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ಹುಟ್ಟಿದ್ದು ಅದರಿಂದ. 1981ರಲ್ಲಿ ಇದೇ ಏರ್ಪಾಡು ಮೋಸಿಸ್ ಅನ್ನುವ ಕಾಯಂ ಸೇವೆ ಆಯಿತು. ಪಾಠ ನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ಇವತ್ತು ನಾವು ಆಫೀಸಿನಲ್ಲಿ "ಮುಂದಿನ ಶಟಲ್ ಯಾವಾಗ?" ಅಂತ ಕೇಳುತ್ತೇವಲ್ಲ, ಹತ್ತಾರು ಜನರ ಚಿಪ್ ಹೊತ್ತು ಹೋಗುವ ಆ ಶಟಲ್‌ನ ಮೊದಲ ಟ್ರಿಪ್‌ಗಳು ಇವು. ವಿನ್ಯಾಸ ಮಾಡುವವರು ಒಂದು ಕಡೆ, ಫ್ಯಾಬ್ ಇನ್ನೊಂದು ಕಡೆ ಇದ್ದರೂ ಕೆಲಸ ನಡೆಯುತ್ತದೆ ಅಂತ ಅಲ್ಲಿ ಗೊತ್ತಾಗಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಆಮೇಲೆ ಬೇರೆಯವರೂ ಬಂದರು. ದೊಡ್ಡ ಫ್ಯಾಬ್ ಇಲ್ಲದ ನಮ್ಮ ಊರಿನಲ್ಲಿ ಸಾವಿರಾರು ಜನ ಚಿಪ್ ಬರೆದು ಬದುಕುತ್ತಿದ್ದೇವೆ.

1983ರಲ್ಲಿ ಕಾನ್ವೇ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾಗೆ ಹೋದರು. 1985ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ, ಜೊತೆಗೆ ಎಂಜಿನಿಯರಿಂಗ್ ಕಾಲೇಜಿನ ಅಸೋಸಿಯೇಟ್ ಡೀನ್. 1987ರಲ್ಲಿ ಚಾರ್ಲಿ ರೋಜರ್ಸ್ ಅನ್ನುವ ಎಂಜಿನಿಯರ್ ಪರಿಚಯವಾದರು. ಇಬ್ಬರಿಗೂ ದೋಣಿ ಹುಟ್ಟು ಹಾಕುವ ಹುಚ್ಚು. 2002ರಲ್ಲಿ ಮದುವೆಯಾದರು. 1998ರಲ್ಲಿ ನಿವೃತ್ತಿ.

ನೆಮ್ಮದಿಯಾಗಿ ಇರಬಹುದಿತ್ತು. ಅದೇ ಹೊತ್ತಿಗೆ ಕ್ಲೆಮ್ಸನ್ ವಿಶ್ವವಿದ್ಯಾಲಯದ ಮಾರ್ಕ್ ಸ್ಮದರ್‌ಮನ್ ಅನ್ನುವವರು ಐಬಿಎಂನ ಎಸಿಎಸ್ ಇತಿಹಾಸ ಹುಡುಕುತ್ತಿದ್ದಾರೆ ಅಂತ ಕಾನ್ವೇ ಅವರಿಗೆ ತಿಳಿಯಿತು. ಆ ಯೋಜನೆಯ ಹಳೆಯ ಕಾಗದಪತ್ರಗಳು ಕಾನ್ವೇ ಹತ್ತಿರ ಇದ್ದವು. ಕೆಲಸ ಹೋಯಿತು, ಸಂಸಾರ ಹೋಯಿತು, ಹೆಸರು ಬದಲಾಯಿತು. ಆ ಕಾಗದಗಳನ್ನು ಮಾತ್ರ ಮೂವತ್ತು ವರ್ಷ ಬಿಡಲಿಲ್ಲ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಕಣ್ಣು ತುಂಬಿದ್ದು ಇಲ್ಲಿ. ಸುಮ್ಮನಿದ್ದರೆ ಗುಟ್ಟು ಉಳಿಯುತ್ತಿತ್ತು, ಕೆಲಸ ಅಳಿಯುತ್ತಿತ್ತು. ಅವರು ಕೆಲಸವನ್ನು ಉಳಿಸಿಕೊಂಡರು. ಸ್ಮದರ್‌ಮನ್ ಅವರನ್ನು ಸಂಪರ್ಕಿಸಿದರು. ತಮ್ಮ ಕಥೆಯನ್ನು ಸ್ನೇಹಿತರಿಗೆ, ಆಮೇಲೆ ತಮ್ಮ ವೆಬ್‌ಸೈಟಿನಲ್ಲಿ ಎಲ್ಲರಿಗೂ ಹೇಳಿದರು. ಆ ಪುಟಗಳನ್ನು ಓದುಗರು ಬೇರೆ ಬೇರೆ ಭಾಷೆಗಳಿಗೆ ತಂದರು. ಅದೇ ದಾರಿಯಲ್ಲಿದ್ದ ಎಷ್ಟೋ ಜನ ಅವುಗಳನ್ನು ಓದಿ ಧೈರ್ಯ ತಂದುಕೊಂಡರು.

ಮನ್ನಣೆ ಬಂತು, ತಡವಾಗಿ. ಯಾರೂ ನಿರೀಕ್ಷಿಸದವರಿಂದ ಹೊಸದು ಬಂದಾಗ ಜನರ ಕಣ್ಣಿಗೆ ಅದು ಕಾಣಿಸುವುದೇ ಇಲ್ಲ ಅಂತ ಅವರೇ ಒಂದು ಕಡೆ ಬರೆದಿದ್ದಾರೆ. ಅಮೆರಿಕದ ಆವಿಷ್ಕಾರಕರ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿದ್ದು 2023ರಲ್ಲಿ, ಅವರಿಗೆ 85 ಆದ ಮೇಲೆ. 2020ರ ಅಕ್ಟೋಬರ್‌ನಲ್ಲಿ ಐಬಿಎಂ ಒಂದು ಆನ್‌ಲೈನ್ ಸಭೆ ಕರೆದು ಕ್ಷಮೆ ಕೇಳಿತು. ಕೆಲಸದಿಂದ ತೆಗೆದು 52 ವರ್ಷ ಆಗಿತ್ತು. ಕೇಳಿದ್ದು ಒಳ್ಳೆಯದೇ. ಆದರೆ ಆ 52 ವರ್ಷದಲ್ಲಿ ಅವರು ಇನ್ನೂ ಏನೇನು ಕಟ್ಟುತ್ತಿದ್ದರೋ ಅನ್ನುವ ಸಂಕಟ ನನಗೆ ಇನ್ನೂ ಹೋಗಿಲ್ಲ.

ನಮ್ಮ ತಂಡಕ್ಕೆ ಹೊಸದಾಗಿ ಸೇರುವವರಿಗೆ ಅಂತ ನಾನು ಒಂದು ಚಿಕ್ಕ ಟಿಪ್ಪಣಿ ಇಟ್ಟುಕೊಂಡಿದ್ದೇನೆ. ಯಾವ ಫೈಲ್ ಎಲ್ಲಿದೆ, ಡಿಆರ್‌ಸಿ ಹೇಗೆ ರನ್ ಮಾಡಬೇಕು, ಇಂಥವು. ಈಗ ಅದರ ಮೊದಲ ಪುಟದಲ್ಲಿ ಲಿನ್ ಕಾನ್ವೇ ಅಂತ ಬರೆದು, ಕೆಳಗೆ ನಾಲ್ಕು ಇಸವಿ ಹಾಕಿದ್ದೇನೆ. 1966ರ ಮುಂದೆ ಅವರ ಷೆಡ್ಯೂಲಿಂಗ್ ಕೆಲಸ. 1978ರ ಮುಂದೆ ಎಂಐಟಿ ಕ್ಲಾಸು. 1979ರ ಮುಂದೆ 82 ಪ್ರಾಜೆಕ್ಟ್. ಮೊನ್ನೆ ಕಾಲೇಜು ಮುಗಿಸಿ ಬಂದ ಹುಡುಗಿಯೊಬ್ಬಳು ಓದಿ, ಬೆರಳಿಟ್ಟು ಕೇಳಿದಳು: "ಮೇಡಂ, ಇಲ್ಲಿ 1968 ಅಂತ ಮಾತ್ರ ಇದೆ. ಮುಂದೆ ಏನೂ ಬರೆದಿಲ್ಲ?"

"ಕಾಫಿಗೆ ಹೋಗೋಣ ಬಾರಮ್ಮ, ಹೇಳ್ತೀನಿ" ಅಂದೆ.